ಹಂಪೆಯ ಹೊಳೆದಂಡೆ ಮತ್ತು ಒಂದು ಹಳೆಯ ಪ್ರಶ್ನೆ

ಹಂಪೆಗೆ ಹೋದವರು ವಿರೂಪಾಕ್ಷನ ದರ್ಶನ ಮಾಡಿ, ಅಲ್ಲಿಂದ ವಾಹನದಲ್ಲಿ ಕಮಲಾಪುರದ ಕಡೆಯಿಂದ ಸುತ್ತಿಕೊಂಡು ವಿಠ್ಠಲ ದೇವಾಲಯವನ್ನು ತಲುಪುವುದು ಈಗಿನ ರೂಢಿ. ಕಲ್ಲಿನ ರಥದ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡರೆ ಹಂಪೆ ನೋಡಿದಂತಾಯಿತು ಎಂದು ಭಾವಿಸುವವರೇ ಹೆಚ್ಚು. ಆದರೆ ಈ ಎರಡು ದೇವಾಲಯಗಳ ನಡುವೆ ತುಂಗಭದ್ರೆಯ ದಡ ಹಿಡಿದು ಸಾಗುವ ಸುಮಾರು ಎರಡು ಕಿಲೋಮೀಟರುಗಳ ಕಾಲುದಾರಿಯೊಂದಿದೆ. ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ಮಂಡಿನೋವಿನ ನನ್ನಂಥವರೂ ಕೋಲು ಹಿಡಿದು ನಡೆಯಬಹುದಾದ ದಾರಿ.

ವಿರೂಪಾಕ್ಷನ ರಥಬೀದಿಯ ಪೂರ್ವದ ತುದಿಯಲ್ಲಿ ಎದುರು ಬಸವಣ್ಣನಿದ್ದಾನೆ. ಅಲ್ಲಿಂದ ಎಡಕ್ಕೆ ಹೊಳೆಯ ಕಡೆಗೆ ಇಳಿದರೆ ಕೋದಂಡರಾಮನ ಗುಡಿ, ಅದರ ಮುಂದೆಯೇ ಚಕ್ರತೀರ್ಥ. ಬಂಡೆಗಳ ಇಕ್ಕಟ್ಟಿನಲ್ಲಿ ನದಿಯು ಇಲ್ಲಿ ಉತ್ತರಕ್ಕೆ ಹೊರಳುತ್ತದೆ. ಸಮೀಪದಲ್ಲಿಯೇ ವ್ಯಾಸರಾಯರು ಪ್ರತಿಷ್ಠಾಪಿಸಿದರೆಂದು ನಂಬಲಾದ ಯಂತ್ರೋದ್ಧಾರಕ ಆಂಜನೇಯ. ಮುಂದೆ ಹಾಸುಬಂಡೆಗಳ ಮೇಲೆ ಸಾಗಿದರೆ ಅಚ್ಯುತರಾಯನ ದೇವಾಲಯದ ಪಾಳುಬಿದ್ದ ಬಜಾರು, ಸುಗ್ರೀವನ ಗುಹೆ, ಬಂಡೆಯ ಮೇಲೆ ಬಿಳಿಯ ಗೆರೆಯಾಗಿ ಕಾಣುವ ಸೀತೆಯ ಸೆರಗು, ಅರಸರು ತೂಗಿಸಿಕೊಳ್ಳುತ್ತಿದ್ದರೆಂದು ಹೇಳುವ ತುಲಾಭಾರದ ಕಲ್ಲುತೊಲೆ ಇವು ಒಂದಾದ ಮೇಲೊಂದು ಎದುರಾಗುತ್ತವೆ. ವಿಠ್ಠಲ ದೇವಾಲಯ ಇನ್ನು ಕೂಗಳತೆಯಲ್ಲಿದೆ ಎನ್ನುವಾಗ ಎಡಕ್ಕೆ ದಡದಲ್ಲಿ ಪುರಂದರ ಮಂಟಪ ಕಾಣುತ್ತದೆ. ಅದರ ಮೇಲ್ಭಾಗದ ಬಂಡೆಯೊಂದರ ಮೇಲೆ ಕುಳಿತುಕೊಳ್ಳಿ. ನಾನು ಹೇಳಬಯಸುವ ಸ್ಥಳ ಅದೇ.

ಅಲ್ಲಿಂದ ನದಿಯ ಹರಹು, ಆಚೆಯ ದಡದ ಆನೆಗೊಂದಿಯ ಗುಡ್ಡಗಳು, ನೀರಿನ ನಡುವೆ ಸಾಲುಗಟ್ಟಿ ನಿಂತ ಕಲ್ಲುಕಂಬಗಳು ಕಾಣುತ್ತವೆ. ವಿಜಯನಗರದ ಕಾಲದ ಸೇತುವೆಯಲ್ಲಿ ಇಂದು ಉಳಿದಿರುವುದು ಈ ಕಂಬಗಳು ಮಾತ್ರ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಈ ಬಂಡೆಯ ನೆನಪಿರಬಹುದು. ಶೈಕ್ಷಣಿಕ ಪ್ರವಾಸಕ್ಕೆ ಬಂದಾಗಲೆಲ್ಲ ಬುತ್ತಿ ಬಿಚ್ಚುತ್ತಿದ್ದುದು ಇಲ್ಲಿಯೇ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಈ ಸೇತುವೆಯನ್ನು ಮುರಿದವರು ಯಾರು?" ಎಂದು ಕೇಳಿದಳು. "1565ರ ಯುದ್ಧವಾದ ಮೇಲೆ ಸುಲ್ತಾನರ ಸೈನ್ಯದವರು" ಎಂದು ನಾನು ಕೂಡಲೇ ಉತ್ತರಿಸಿದೆ. ಅವಳು ಸ್ವಲ್ಪ ಯೋಚಿಸಿ, "ಅವರು ಆಚೆ ದಡದಿಂದಲ್ಲವೇ ಸರ್ ಬಂದದ್ದು? ಸೇತುವೆ ಮುರಿದರೆ ದಾಟಿ ಬರುವುದು ಹೇಗೆ? ತಿರುಗಿ ಹೋಗುವುದು ಹೇಗೆ?" ಎಂದಳು. ಉಳಿದ ಮಕ್ಕಳು ನಕ್ಕರು. ನಾನು ನಗಲಿಲ್ಲ. "ಹೊತ್ತಾಯಿತು, ಕೈ ತೊಳೆದು ಸಾಲಿನಲ್ಲಿ ನಿಲ್ಲಿ" ಎಂದು ಮಾತು ಮುಗಿಸಿಬಿಟ್ಟೆ. ನನಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ.

ನಿವೃತ್ತನಾದ ಮೇಲೆ ರಾಬರ್ಟ್ ಸಿವೆಲ್ ಅವರು 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸವನ್ನು ಸಾವಧಾನವಾಗಿ ಓದಿದೆ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನ ಬರವಣಿಗೆಯ ಅನುವಾದವು ಅದರಲ್ಲಿದೆ. ನದಿಯ ಆಚೆಗಿನ ಹಳೆಯ ರಾಜಧಾನಿಯಾದ ಆನೆಗೊಂದಿಯನ್ನು ಹೆಸರಿಸಿ, ಅಲ್ಲಿಗೆ ಜನರು ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ದಾಟುತ್ತಾರೆಂದು ಆತ ಬರೆಯುತ್ತಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ದೋಣಿಯು ಗಿರಗಿರನೆ ತಿರುಗುತ್ತಲೇ ಸಾಗುತ್ತದೆ, ಕುದುರೆ ಎತ್ತುಗಳು ಬಹುಮಟ್ಟಿಗೆ ಈಜಿಕೊಂಡೇ ಹೋಗುತ್ತವೆ ಎಂಬ ವಿವರಗಳೆಲ್ಲ ಇವೆ. ಇದು ನಮ್ಮ ಹರಿಗೋಲೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ದಾಟುವ ಬಗೆಯನ್ನು ಇಷ್ಟು ವಿವರವಾಗಿ ಹೇಳುವ ಆತ ಅಲ್ಲಿ ಸೇತುವೆಯ ಮಾತನ್ನೇ ಎತ್ತುವುದಿಲ್ಲ.

ಮೌನವೊಂದೇ ಸಾಕ್ಷಿಯಾಗಲಾರದು, ನಿಜ. ಆದರೂ ಬಳಕೆಯಲ್ಲಿರುವ ಸೇತುವೆ ಕಣ್ಣೆದುರಿಗಿದ್ದರೆ ಕುದುರೆಗಳನ್ನು ಯಾರು ಈಜಿಸುತ್ತಾರೆ? ರಕ್ಕಸತಂಗಡಿಯ ಯುದ್ಧಕ್ಕೆ ನಲವತ್ತು ವರ್ಷಗಳಿಗೂ ಮೊದಲೇ, ರಾಜ್ಯವು ಉಚ್ಛ್ರಾಯದಲ್ಲಿದ್ದಾಗಲೇ, ಈ ಸೇತುವೆ ಕೆಟ್ಟುನಿಂತಿತ್ತು ಎಂದು ಊಹಿಸುವುದೇ ಹೆಚ್ಚು ಸಮಂಜಸ.

ಹಾಗಾದರೆ ಮುರಿದವರು ಯಾರು? ಅದೇ ಬಂಡೆಯ ಮೇಲೆ ಕುಳಿತು ಮಳೆಗಾಲದ ಹೊಳೆಯನ್ನು ಕಂಡವರಿಗೆ ಆ ಪ್ರಶ್ನೆ ಕಷ್ಟದ್ದಲ್ಲ. ಕಲ್ಲಿನ ತೊಲೆ ಹೆಚ್ಚು ಉದ್ದಕ್ಕೆ ಭಾರ ತಾಳಲಾರದು. ಆದ್ದರಿಂದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಕಂಬಗಳು ಒತ್ತಾದಷ್ಟೂ ಪ್ರವಾಹಕ್ಕೆ ತಡೆ ಹೆಚ್ಚು; ತೇಲಿಬಂದ ಮರಗಿಡಗಳು ಸಿಕ್ಕಿಕೊಂಡರಂತೂ ನೀರಿನ ಒತ್ತಡ ಹೇಳತೀರದು. ಇಂದು ಹೊಸಪೇಟೆಯ ಬಳಿ 1953ರಲ್ಲಿ ಮುಗಿದ ಅಣೆಕಟ್ಟು ಹೊಳೆಯನ್ನು ಹಿಡಿದು ನಿಲ್ಲಿಸಿದ್ದರೂ ಹೆಚ್ಚಿನ ನೀರು ಬಿಟ್ಟ ದಿನಗಳಲ್ಲಿ ಪುರಂದರ ಮಂಟಪವು ಮುಳುಗುತ್ತದೆ. ಕಟ್ಟೆಯೇ ಇಲ್ಲದ ಕಾಲದಲ್ಲಿ ಹೇಗಿದ್ದಿರಬೇಕು! 1565ರಲ್ಲಿ ರಾಜಧಾನಿ ಸೂರೆಯಾದದ್ದು ಸತ್ಯ. ಆದರೆ ಹಂಪೆಯಲ್ಲಿ ಬಿದ್ದ ಪ್ರತಿಯೊಂದು ಕಲ್ಲಿಗೂ ಅದೇ ಕಾರಣವೆಂದು ಪಾಠ ಹೇಳಿದರೆ ಅದು ಇತಿಹಾಸವಲ್ಲ, ಅಭ್ಯಾಸಬಲ.

ಈ ಹೊಳೆಗೆ ಸೇತುವೆ ಒಲಿಯಲಿಲ್ಲವೆನ್ನಲು ನಮ್ಮ ಕಾಲದ ನಿದರ್ಶನವೂ ಇದೆ. ತಳವಾರಘಟ್ಟದಿಂದ ಆನೆಗೊಂದಿಗೆ ವಾಹನ ಸೇತುವೆಯೊಂದರ ಕಾಮಗಾರಿ ಆರಂಭವಾಗಿತ್ತು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದ ಹಂಪೆಯನ್ನು, ಇದೂ ಇನ್ನೊಂದು ಕಾಲುಸೇತುವೆಯೂ ಪರಿಸರವನ್ನು ಕೆಡಿಸುತ್ತವೆಂಬ ಕಾರಣಕ್ಕೆ, 1999ರಲ್ಲಿ ಯುನೆಸ್ಕೋ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಬಿಡುಗಡೆಯಾಯಿತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಪ್ರವಾಸಿಗೆ ಹರಿಗೋಲು ವಿನೋದ. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಆನೆಗೊಂದಿಯವರಿಗೆ ಅದು ವಿನೋದವಲ್ಲ. ಅವರ ಬೇಡಿಕೆ ನ್ಯಾಯವಾದುದೇ ಆಗಿತ್ತು. ಆಮೇಲೆ ಪೂರ್ವಕ್ಕೆ, ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ, ಸೇತುವೆಯಾಗಿ ಓಡಾಟಕ್ಕೆ ಅನುಕೂಲವಾಯಿತು. ನಮ್ಮ ಬಂಡೆಯಿಂದ ಕಾಣುವ ನೋಟವೂ ಉಳಿಯಿತು.

ಹೋಗುವವರು ಕಾರ್ತೀಕದಿಂದ ಮಾಘದೊಳಗೆ, ಬೆಳಗಿನ ತಂಪಿನಲ್ಲಿ ಹೋಗಿ. ಕುಡಿಯುವ ನೀರು ಜೊತೆಗಿರಲಿ. ಕಟ್ಟೆಯಿಂದ ನೀರು ಬಿಟ್ಟಿದ್ದಾರೆಂದು ತಿಳಿದರೆ ಹೊಳೆಯ ದಾರಿ ಹಿಡಿಯಬೇಡಿ. ಮಕ್ಕಳನ್ನು ಕರೆದೊಯ್ಯಿರಿ, ಅವರು ಪ್ರಶ್ನೆ ಕೇಳಿದಾಗ ಹೊತ್ತಾಯಿತೆಂದು ಎಬ್ಬಿಸಬೇಡಿ.

ಅಂದಿನ ಆ ಹುಡುಗಿ ಈಗ ತನ್ನ ಮಕ್ಕಳಿಗೆ ಪಾಠ ಹೇಳುವ ವಯಸ್ಸಿನವಳಾಗಿರಬೇಕು. ಇದನ್ನು ಓದಿದರೆ ತಿಳಿಯಲಿ: ನಿನ್ನ ತರ್ಕ ಸರಿಯಾಗಿತ್ತಮ್ಮ. ತಪ್ಪಿದವನು ನಾನು.