ಮೋಟಾರು ಪರೀಕ್ಷೆಯೂ ವಿಶ್ವೇಶ್ವರಯ್ಯನವರ ಹಂಬಲವೂ

ಹಿಂದೆ ಘೋಡ್‌ಬಂದರ್ ರಸ್ತೆಯೆನಿಸಿದ್ದ ಇಂದಿನ ಎಸ್. ವಿ. ರಸ್ತೆಯ ಅಂಚಿನಲ್ಲಿ ನಿಂತು ವಾಹನಗಳ ಸಾಲನ್ನು ನೋಡುವ ಜೋಗೇಶ್ವರಿಯ ನಮ್ಮ ಮಕ್ಕಳಿಗೆ, ಈ ಮಹಾನಗರದಲ್ಲಿ ಮೋಟಾರು ಕಾರಖಾನೆಯಾಗಲೆಂದು ಹಟ ತೊಟ್ಟವರಲ್ಲಿ ಕನ್ನಡಿಗರೊಬ್ಬರಿದ್ದರೆಂಬ ಸಂಗತಿ ತಿಳಿದಿರಲಾರದು.

ಎರಡು ಮಹಾಯುದ್ಧಗಳ ನಡುವಣ ಕಾಲವು ಮೋಟಾರುಗಳ ಅಗ್ನಿಪರೀಕ್ಷೆಯ ಕಾಲ. 1924ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿಯು ಮಿಲ್‌ಫೋರ್ಡಿನಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿಸಿ, ತನ್ನ ಗಾಡಿಗಳೊಡನೆ ಪ್ರತಿಸ್ಪರ್ಧಿಗಳ ಗಾಡಿಗಳನ್ನೂ ಓಡಿಸಿ ಗುಣದೋಷಗಳನ್ನು ತೂಗಿ ನೋಡಿತು. 1936ರಲ್ಲಿ ಜರ್ಮನಿಯ ಪೋರ್ಷೆಯವರು ರೂಪಿಸಿದ ಮೂರು ಜನತಾ ಕಾರುಗಳನ್ನು ತಲಾ ಸುಮಾರು 50,000 ಕಿಲೋಮೀಟರು ಓಡಿಸಲಾಯಿತು. ಎರಕದ ಕ್ರ್ಯಾಂಕ್‌ಶಾಫ್ಟುಗಳು ಮುರಿದವು. ಬಡಿದು ಮಾಡಿದವು ಅವುಗಳ ಸ್ಥಾನಕ್ಕೆ ಬಂದವು. ಮುರಿದದ್ದೇ ಗುರುವಾಯಿತು.

ನಮ್ಮಲ್ಲಿ ನಡೆದುದೇನು? 1928ರಿಂದ ಅದೇ ಜನರಲ್ ಮೋಟರ್ಸ್ ಮುಂಬಯಿಯ ಶಿವಡಿಯಲ್ಲಿ ಹಡಗಿನಿಂದಿಳಿದ ಭಾಗಗಳನ್ನು ಜೋಡಿಸಿ ಮಾರುತ್ತಿತ್ತು. ಜೋಡಿಸುವ ಕೈ ನಮ್ಮದು, ವಿದ್ಯೆ ಪರರದು.

ಈ ಕೊರತೆಯನ್ನು ಕಂಡು ಮರುಗಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿನ ಮೋಟಾರು ಉದ್ಯಮವನ್ನು ಅಭ್ಯಾಸಮಾಡಿ ಬಂದು, ಮುಂಬಯಿಗೆ ಒಂದು ಕಾರಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಕೈಜೋಡಿಸಿದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವೂ ಒಲವು ತೋರಿತು. ಆದರೆ 1939ರಲ್ಲಿ ಯುದ್ಧ ಬಂದು ಆ ಮಂತ್ರಿಮಂಡಲ ರಾಜೀನಾಮೆಯಿತ್ತಿತು. ಅಂದಿನ ಭಾರತ ಸರ್ಕಾರವು ಇದನ್ನು ಯುದ್ಧಕ್ಕೆ ಅವಶ್ಯವಾದ ಉದ್ಯಮವೆಂದು ಒಪ್ಪಲಿಲ್ಲ.

ಕೊನೆಗೆ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಸ್ಥಾಪನೆಯಾಯಿತು. 1947ರಲ್ಲಿ ಕುರ್ಲಾದ ಅದರ ಕಾರಖಾನೆಯಿಂದ ವಾಹನಗಳು ಹೊರಬಂದವು. ಅವುಗಳ ಮಾದರಿ ಅಮೆರಿಕದ ಕ್ರೈಸ್ಲರ್ ಕಂಪೆನಿಯದು. ಮುಂದೆ ಬಂದ ಪದ್ಮಿನಿಯೂ ಇಟಲಿಯ ಫಿಯಟ್ಟಿನ ಕುಡಿಯೇ. ಆ ಕಪ್ಪು-ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ನಗರಕ್ಕೆ ವಿದಾಯ ಹೇಳಿದವು.

ಕಳೆದುಹೋದ ಆ ವರ್ಷಗಳ ಬೆಲೆಯೇನೆಂಬುದನ್ನು ಇಲ್ಲಿ ನೆನೆಯಬೇಕು. ಇತರರು ಗಾಡಿಯನ್ನು ಓಡಿಸಿ, ಕೆಡಿಸಿ, ತಿದ್ದಿ ಕಲಿಯುತ್ತಿದ್ದಾಗ, ನಮಗೆ ಕೆಡಿಸಿ ಕಲಿಯುವ ಅವಕಾಶವೇ ದೊರೆಯಲಿಲ್ಲ. ನಮ್ಮ ಮಳೆ, ನಮ್ಮ ಘಟ್ಟ, ನಮ್ಮ ಹೊಂಡದ ರಸ್ತೆಗಳಿಗೆ ಒಗ್ಗುವ ಗಾಡಿಯನ್ನು ನಾವೇ ರೂಪಿಸುವ ದಿನ ಬಹಳ ತಡವಾಗಿ ಬಂದಿತು.

ರಾಜ್ಯೋತ್ಸವದ ಈ ದಿನ ಆ ಹಿರಿಯರ ಭಾವಚಿತ್ರಕ್ಕೆ ಹಾರ ಹಾಕಿದರೆ ಸಾಲದು. ಮನೆಯ ಹುಡುಗನೋ ಹುಡುಗಿಯೋ ಯಂತ್ರವೊಂದನ್ನು ಬಿಚ್ಚಿ ಕೆಡಿಸಿದಾಗ ಗದರದೆ, ಮತ್ತೆ ಜೋಡಿಸಲು ಹಚ್ಚೋಣ.