ಕಣದ ದೂಳಿನಿಂದ ಉಪ್ಪಿನ ಕಣದವರೆಗೆ: ಮುಖಗವಸಿನ ಅಳತೆಗೋಲುಗಳ ಚರಿತ್ರೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಸೀಮೆಯಲ್ಲಿ ಜೋಳದ ರಾಶಿ ಮಾಡುವಾಗ ಗಂಡಸರು ಮೂಗು-ಬಾಯಿಗೆ ಟವೆಲ್ ಸುತ್ತಿಕೊಳ್ಳುತ್ತಾರೆ, ಹೆಂಗಸರು ಸೆರಗು ಬಿಗಿದುಕೊಳ್ಳುತ್ತಾರೆ. ಕೋವಿಡ್ ಕಾಲದಲ್ಲಿ ಇದೇ ಮನೆಗಳಿಗೆ ಶೇ. 95, ಶೇ. 98 ಎಂದು ಬರೆದ ಮಾಸ್ಕುಗಳೂ ಬಂದವು. ಈ ಅಂಕಿಗಳು ಎಲ್ಲಿಂದ ಬಂದವು, ಅವು ಅಳೆಯುವುದು ಏನನ್ನು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಕಣದ ಗಾತ್ರ, ಗಾಳಿಯ ವೇಗ, ಮುಖಕ್ಕೆ ಕೂರುವ ಬಿಗಿ ಈ ಮೂರನ್ನೂ ಹೇಳದ ಶೇಕಡಾವಾರು ಅಂಕಿಯಿಂದ ತೊಟ್ಟವರಿಗೆ ಸಿಗುವ ರಕ್ಷಣೆ ಎಷ್ಟೆಂದು ತಿಳಿಯುವುದಿಲ್ಲ ಎಂಬುದು ಇಲ್ಲಿನ ವಾದ.

ಅಳತೆಗೆ ಮುಂಚೆ

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು, ಪ್ಲೇಗಮ್ಮನಿಗೆ ಹರಕೆ ಹೊತ್ತರು. ಉಸಿರನ್ನು ಬಟ್ಟೆಯಿಂದ ಕಾಯುವ ಕ್ರಮ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು 1910–11ರ ಮಂಚೂರಿಯಾ ಪ್ಲೇಗಿನಲ್ಲಿ. ವೈದ್ಯ ವೂ ಲಿಯೆನ್-ತೆ ಅಲ್ಲಿ ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿ ಇಟ್ಟ ಮಾಸ್ಕನ್ನು ಪ್ರಚಾರಕ್ಕೆ ತಂದರು. ಅದು ಎಷ್ಟು ಸೋಸುತ್ತದೆ ಎಂದು ಹೇಳುವ ಮಾನದಂಡ ಆಗ ಇರಲಿಲ್ಲ.

ಮಾನದಂಡ ಹುಟ್ಟಿದ್ದು ಗಣಿಯ ದೂಳಿನಿಂದ. ಅಮೆರಿಕದ ಗಣಿ ಇಲಾಖೆ 1934ರಲ್ಲಿ ದೂಳು ತಡೆಯುವ ಮಾಸ್ಕುಗಳಿಗೆ ಪರೀಕ್ಷಾ ನಿಯಮ ರೂಪಿಸಿತು. ಅದರ ಹಿಂದಿದ್ದದ್ದು ಸುರಂಗ, ಗಣಿಗಳಲ್ಲಿ ಸಿಲಿಕಾ ದೂಳು ಕುಡಿದು ಸತ್ತವರ ಕಥೆ. ನಮ್ಮ ಕೋಲಾರ ಚಿನ್ನದ ಗಣಿಯೂ ಅದೇ ಕಥೆಯ ಭಾಗ. 1940ರ ದಶಕದಲ್ಲಿ ಅಲ್ಲಿ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಸುಮಾರು ಶೇ. 44 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂತು. ಶ್ವಾಸಕೋಶದ ಆಳಕ್ಕೆ ಇಳಿಯುವ ಸಿಲಿಕಾ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಕಾಣುವ ದೂಳು ತಡೆದರೆ ಸಾಕು ಎಂಬ ನಂಬಿಕೆಗೆ ಅಲ್ಲಿ ಜೀವಗಳೇ ಬೆಲೆ ತೆತ್ತವು.

ಮಾಸ್ಕು ಜರಡಿಯಲ್ಲ

ರಾಶಿ ತೂರುವವರಿಗೆ ಗೊತ್ತು: ಕಾಳು ತೂಕದಿಂದ ನೇರ ಕೆಳಗೆ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಹೋಗುತ್ತದೆ. ಮಾಸ್ಕಿನೊಳಗೂ ಇಂಥದ್ದೇ ನಡೆಯುತ್ತದೆ. ದೊಡ್ಡ ಕಣ ಗಾಳಿಯ ತಿರುವಿಗೆ ತಿರುಗಲಾರದೆ ಎಳೆಗೆ ಬಡಿದು ನಿಲ್ಲುತ್ತದೆ. ಅತಿ ಸಣ್ಣ ಕಣ ಅಡ್ಡಾದಿಡ್ಡಿ ಅಲೆದು ಎಳೆಗೆ ಅಂಟುತ್ತದೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನ್ ಗಾತ್ರದ ಕಣ ಎರಡಕ್ಕೂ ಸಿಗದೆ ನುಸುಳುತ್ತದೆ. ಅದನ್ನು ಹಿಡಿಯಲೆಂದೇ ಎನ್-95ರ ಎಳೆಗಳಿಗೆ ಸ್ಥಾಯೀವಿದ್ಯುತ್ ತುಂಬುತ್ತಾರೆ. ಸಾಬೂನಿನಲ್ಲಿ ಒಗೆದರೆ, ಸ್ಪಿರಿಟ್ ಹಾಕಿದರೆ ಆ ಶಕ್ತಿ ಕುಂದುತ್ತದೆ. ಹೊರನೋಟಕ್ಕೆ ಮಾತ್ರ ಮಾಸ್ಕು ಹಾಗೇ ಇರುತ್ತದೆ.

ಎರಡು ಅಂಕಿ, ಎರಡು ಅರ್ಥ

ಅಮೆರಿಕದ 1995ರ ನಿಯಮದ ಪ್ರಕಾರ ಎನ್-95 ಮಾಸ್ಕಿನ ಮೂಲಕ ಸೂಕ್ಷ್ಮ ಉಪ್ಪಿನ ಕಣಗಳನ್ನು ನಿಮಿಷಕ್ಕೆ 85 ಲೀಟರ್ ಗಾಳಿಯಲ್ಲಿ ಹಾಯಿಸುತ್ತಾರೆ, ಕನಿಷ್ಠ ಶೇ. 95 ಭಾಗ ತಡೆಯಬೇಕು. ಭಾರತದ ಐಎಸ್ 9473:2002 ಮಾನಕದಲ್ಲಿ ಎಫ್‌ಎಫ್‌ಪಿ-2 ವರ್ಗ ಇದಕ್ಕೆ ಹತ್ತಿರದ್ದು. ಶಸ್ತ್ರಚಿಕಿತ್ಸೆಯ ಮಾಸ್ಕಿಗೆ ಬೇರೆಯೇ ಮಾನಕವಿದೆ: ಐಎಸ್ 16289:2014. ಇಲ್ಲಿ ಅಳೆಯುವುದು ಬ್ಯಾಕ್ಟೀರಿಯಾ ಹೊತ್ತ ಹನಿಗಳನ್ನು; ಅವುಗಳ ಸರಾಸರಿ ಗಾತ್ರ ಸುಮಾರು 3 ಮೈಕ್ರಾನ್, ಅಂದರೆ ಮೇಲೆ ಹೇಳಿದ 0.3 ಮೈಕ್ರಾನ್ ಕಣದ ಹತ್ತು ಪಟ್ಟು. ಹಾಗಾಗಿ ಶೇ. 98 ಎಂದಿರುವ ಶಸ್ತ್ರಚಿಕಿತ್ಸೆಯ ಮಾಸ್ಕು ಶೇ. 95ರ ಎನ್-95ಗಿಂತ ಮೇಲು ಎಂದು ತಿಳಿಯುವುದು ತಪ್ಪು. ಒಂದನ್ನು ಸೇರಿನಲ್ಲಿ, ಇನ್ನೊಂದನ್ನು ಮೊಳದಲ್ಲಿ ಅಳೆದು ಹೋಲಿಸಿದಂತೆ ಅದು.

ಬೆಂಗಳೂರಿನ ಎರಡು ಕೊಡುಗೆ

2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ, ಪಾಲಿಪ್ರೊಪಿಲೀನ್ ಪದರಗಳ ನಡುವೆ ನೈಲಾನ್ ಇಟ್ಟ 'ಟ್ರೈಬೋಇ' ಮಾಸ್ಕಿನ ವಿಧಾನ ಪ್ರಕಟಿಸಿತು. ಪದರಗಳನ್ನು ಉಜ್ಜಿದರೆ ವಿದ್ಯುತ್ ಹುಟ್ಟುತ್ತದೆ. ನೈಲಾನ್ ಬದಲು ಹಳೆಯ ರೇಷ್ಮೆ ಸೀರೆಯ ತುಂಡೂ ಆದೀತು. 2021ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಅವರ ತಂಡ, ಕೆಮ್ಮಿನ ದೊಡ್ಡ ಹನಿ ಒಂದು ಪದರದ ಮಾಸ್ಕಿಗೆ ಬಡಿದಾಗ ಒಡೆದು ಸಣ್ಣ ಹನಿಗಳಾಗಿ ಹೊರಬರುತ್ತದೆ ಎಂದು ತೋರಿಸಿತು. ಮೂರು ಪದರವಿದ್ದರೆ ಹೀಗಾಗುವುದು ತೀರಾ ಕಡಿಮೆ. ಮಾಸ್ಕು ಹನಿಯನ್ನು ತಡೆಯುವುದಷ್ಟೇ ಅಲ್ಲ, ಅದನ್ನು ಒಡೆದು ಸಣ್ಣದಾಗಿಸಲೂಬಹುದು ಎಂಬುದು ಪದರಗಳ ಚರ್ಚೆಗೆ ಸಿಕ್ಕ ಹೊಸ ಆಧಾರ.

ಉಪಸಂಹಾರ

ಸೋಸುವ ಪರೀಕ್ಷೆಯಲ್ಲಿ ಮಾಸ್ಕಿನ ಅಂಚನ್ನು ಗಾಳಿ ಸೋರದಂತೆ ಮುಚ್ಚಿರುತ್ತಾರೆ. ನಮ್ಮ ಮುಖದ ಮೇಲೆ ಅದು ಮೂಗಿನ ಪಕ್ಕ, ಕೆನ್ನೆಯ ಅಂಚು, ಗಡ್ಡದ ನಡುವೆ ಸೋರುತ್ತದೆ. ಯುರೋಪಿನ ಇಎನ್ 149 ಮಾನಕ ಹತ್ತು ಜನರಿಗೆ ಮಾಸ್ಕು ತೊಡಿಸಿ, ನಡೆಸಿ, ಮಾತಾಡಿಸಿ ಒಳಸೋರಿಕೆ ಅಳೆಯಲು ಹೇಳುವುದು ಈ ಕಾರಣಕ್ಕೆ. ರಾಶಿಯ ದೂಳಿನಲ್ಲಿ ಹೊಟ್ಟು, ಮಣ್ಣು, ಬೂಷ್ಟಿನ ಬೀಜಕಣ ಎಲ್ಲವೂ ಬೆರೆತಿರುತ್ತವೆ. ಸಡಿಲಾಗಿ ಸುತ್ತಿದ ಟವೆಲ್ಲು ದಪ್ಪ ಹೊಟ್ಟನ್ನು ನಿಲ್ಲಿಸಿದರೂ ಬೀಜಕಣಕ್ಕೆ ಅಂಚಿನಲ್ಲೇ ದಾರಿ ಬಿಟ್ಟಿರುತ್ತದೆ. ಮಾಸ್ಕು ಹಂಚುವ ಯೋಜನೆಗಳು ಅದರ ಜೊತೆಗೆ ಬಿಗಿಯಾಗಿ ತೊಡುವ ಕ್ರಮವನ್ನೂ ಕಲಿಸಬೇಕು. ನಮ್ಮ ಸಂಶೋಧಕರು ರಾಶಿ ಯಂತ್ರದ ಪಕ್ಕ ನಿಂತವರ ಮುಖದ ಮೇಲೆ, ಅವರ ಟವೆಲ್ಲು-ಸೆರಗುಗಳ ಮೇಲೆಯೇ ಈ ಅಳತೆ ನಡೆಸಬೇಕು. ಗಣಿಯವರಿಗಾಗಿ, ವೈದ್ಯರಿಗಾಗಿ ಹುಟ್ಟಿದ ಮಾನದಂಡ ಒಕ್ಕಲಿಗನ ಉಸಿರಿಗೂ ಸಲ್ಲಬೇಕಾದದ್ದು.