ಚಕಾಲ್ತಾಯಾದ ಕೊನೆಯ ಸ್ಕೀ ಹಂಗಾಮು

ಬೊಲಿವಿಯಾದ ಲಾ ಪಾಜ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಆಂಡಿಸ್ ಪರ್ವತಗಳ ಕಾರ್ಡಿಲೆರಾ ರಿಯಲ್ ಶ್ರೇಣಿಯಲ್ಲಿ, ಚಕಾಲ್ತಾಯಾ ಎಂಬ ಶಿಖರವಿದೆ. ಎತ್ತರ ಸುಮಾರು 5,400 ಮೀಟರ್. ಎವರೆಸ್ಟ್ ಏರುವವರು ನೇಪಾಳದ ಕಡೆಯಲ್ಲಿ ಡೇರೆ ಹಾಕುವ ತಳಶಿಬಿರವೂ ಹೆಚ್ಚುಕಡಿಮೆ ಇಷ್ಟೇ ಎತ್ತರದಲ್ಲಿದೆ. ಅಲ್ಲಿಗೆ ಮುಟ್ಟಲು ದಿನಗಟ್ಟಲೆ ನಡೆಯಬೇಕು; ಚಕಾಲ್ತಾಯಾಕ್ಕೆ ಜನ ಬೆಳಿಗ್ಗೆ ಕಾರಿನಲ್ಲಿ ಹೋಗಿ, ಹಿಮದ ಮೇಲೆ ಜಾರಿ, ಸಂಜೆಗೆ ಮನೆ ಸೇರುತ್ತಿದ್ದರು. ಜಗತ್ತಿನಲ್ಲೇ ಅತಿ ಎತ್ತರದ್ದೆಂದು ಹೆಸರಾಗಿದ್ದ, ಬೊಲಿವಿಯಾಕ್ಕೆ ಇದ್ದ ಒಂದೇ ಒಂದು ಸ್ಕೀ ತಾಣ ಇದು. ಏಳು ದಶಕಗಳೊಳಗೆ ಅದರ ಕಥೆ ಮುಗಿದೇಹೋಯಿತು.

ಭೂಮಧ್ಯರೇಖೆಯಿಂದ ಉತ್ತರಕ್ಕೆ ರಾಯಚೂರು, ಬಾಗಲಕೋಟೆಗಳು ಎಷ್ಟು ದೂರವೋ ದಕ್ಷಿಣಕ್ಕೆ ಚಕಾಲ್ತಾಯಾ ಹೆಚ್ಚುಕಡಿಮೆ ಅಷ್ಟೇ ದೂರ. ಉಷ್ಣವಲಯದ ನಡುವೆಯೂ ಅಲ್ಲಿ ಹಿಮ ನಿಂತದ್ದು ಎತ್ತರದ ಬಲದಿಂದ. ಅಲ್ಲಿನ ಸ್ಕೀ ಹಂಗಾಮೂ ಯುರೋಪಿನಂತೆ ಚಳಿಗಾಲದ್ದಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಚಳಿಗಾಲದಲ್ಲಿ ಆಕಾಶ ಬರಿದಾಗಿ, ಗಾಳಿ ಕೊರೆಯುತ್ತ, ಹಿಮನದಿಯ ಮೈ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಹೊಸ ಹಿಮ ಬೀಳುತ್ತಿದ್ದುದು ನವೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಗಾಲದಲ್ಲಿ. ಆ ತಿಂಗಳುಗಳ ವಾರಾಂತ್ಯಗಳೇ ಸ್ಕೀ ದಿನಗಳು. ಹೀಗಾಗಿ ಹಂಗಾಮು ಆರಂಭದಿಂದಲೂ ಚಿಕ್ಕದು. ಎಷ್ಟು ಚಿಕ್ಕದು ಎಂಬುದನ್ನು ನಿರ್ಧರಿಸುತ್ತಿದ್ದುದು ಮಳೆ.

ಈ ತಾಣ ರೂಪುಗೊಂಡದ್ದು 1930ರ ದಶಕದಲ್ಲಿ. ರಾವುಲ್ ಪೊಸ್ನಾನ್ಸ್ಕಿ ಎಂಬ ಪರ್ವತಾರೋಹಿಯ ಹಟದಿಂದ ಬೆಟ್ಟಕ್ಕೆ ರಸ್ತೆ ಬಂತು. 1939ರಲ್ಲಿ ಕ್ಲಬ್ ಆಂಡಿನೋ ಬೊಲಿವಿಯಾನೊ ಸ್ಥಾಪನೆಯಾಯಿತು. ಸ್ಕೀಗರನ್ನು ಇಳಿಜಾರಿನ ಮೇಲಕ್ಕೆ ಎಳೆದೊಯ್ಯುವ ಹಗ್ಗದ ಯಂತ್ರವೂ ಅದೇ ವರ್ಷ ಬಂತು. ದಕ್ಷಿಣ ಅಮೆರಿಕದಲ್ಲಿ ಅಂಥ ಯಂತ್ರ ಅದೇ ಮೊದಲು ಎನ್ನುತ್ತಾರೆ. ಅದನ್ನು ತಿರುಗಿಸುತ್ತಿದ್ದುದು ಹಳೆಯ ಮೋಟಾರು ಕಾರಿನ ಎಂಜಿನ್. ಓಡುವ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು, ಕಾಲು ತಪ್ಪದಂತೆ ನಿಂತು ಮೇಲೇರಬೇಕು. ಕೂರಲು ಕುರ್ಚಿಯಿಲ್ಲ, ಹಗ್ಗದ ವೇಗಕ್ಕೂ ಕರುಣೆಯಿಲ್ಲ. ಹೊಸಬರನ್ನು ಹೆಚ್ಚು ಹೆದರಿಸುತ್ತಿದ್ದುದು ಇಳಿಜಾರಲ್ಲ, ಈ ಹಗ್ಗ.

ಇಂಥ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. 3,600 ಮೀಟರ್ ಎತ್ತರದ ಲಾ ಪಾಜ್‌ನವರಿಗೂ ಅಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಸಮುದ್ರದ ಬದಿಯಿಂದ ನೇರ ಬಂದವರಿಗಂತೂ ತಲೆನೋವು, ವಾಕರಿಕೆ. ಅದಕ್ಕೆ ಅಲ್ಲಿನ ಮದ್ದು ಕೋಕಾ ಎಲೆಯ ಬಿಸಿ ಕಷಾಯ. ಹಿಮನದಿಯ ಅಂಚಿನಲ್ಲಿ ಕ್ಲಬ್ ಕಟ್ಟಿದ ವಸತಿಗೃಹದ ಊಟದ ಮನೆ 5,340 ಮೀಟರ್ ಎತ್ತರದಲ್ಲಿದ್ದು, ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ಎತ್ತರದ ರೆಸ್ಟೋರೆಂಟ್ ಎಂದು ಸೇರಿತು. ಬೊಲಿವಿಯಾದಂಥ ಬಡ ದೇಶದಲ್ಲಿ ಸ್ಕೀ ಹಲಗೆ, ಬೂಟು, ಕಾರು ಇದ್ದವರು ಎಷ್ಟು ಮಂದಿ? ಸೊಗಸಿನ ಮಾತೇನೇ ಇರಲಿ, ಚಕಾಲ್ತಾಯಾ ಬಹುಪಾಲು ಉಳ್ಳವರ ಭಾನುವಾರದ ವಿನೋದವೇ ಆಗಿತ್ತು.

ಅದೇ ರಸ್ತೆಯಿಂದ ವಿಜ್ಞಾನಕ್ಕೂ ದೊಡ್ಡ ಲಾಭವಾಯಿತು. ಎತ್ತರಕ್ಕೆ ವಾಹನದಲ್ಲೇ ಹೋಗಬಹುದೆಂಬ ಕಾರಣಕ್ಕೆ 1947ರಲ್ಲಿ ಬ್ರೆಜಿಲ್‌ನ ತರುಣ ಭೌತವಿಜ್ಞಾನಿ ಸೀಸರ್ ಲಾಟೆಸ್ ಫೋಟೊ ಫಲಕಗಳನ್ನು ಅಲ್ಲಿಗೆ ಒಯ್ದು ವಿಶ್ವಕಿರಣಗಳಿಗೆ ಒಡ್ಡಿದರು. ಪಯಾನ್ ಎಂಬ ಕಣದ ಪತ್ತೆಗೆ ಆ ಫಲಕಗಳು ಗಟ್ಟಿ ಸಾಕ್ಷ್ಯ ಒದಗಿಸಿದವು. 1950ರ ನೊಬೆಲ್ ಪ್ರಶಸ್ತಿ ಲಾಟೆಸ್ ಇದ್ದ ತಂಡದ ಹಿರಿಯ ಸೆಸಿಲ್ ಪೊವೆಲ್ ಒಬ್ಬರಿಗೇ ಹೋಯಿತು. ಲಾಟೆಸ್‌ಗೆ ಪಾಲು ಸಿಗಲಿಲ್ಲ. ಬಳಿಕ ಅಲ್ಲಿ ವಿಶ್ವಕಿರಣ ಪ್ರಯೋಗಾಲಯವೇ ನೆಲೆಯೂರಿತು. ಇಂಥ ಕಿರಣಗಳ ಅಧ್ಯಯನಕ್ಕೆ ಒಂದು ಕಡೆ ಬೆಟ್ಟದ ತುದಿ ಬೇಕಾದರೆ ಇನ್ನೊಂದು ಕಡೆ ನೆಲದ ಆಳ ಬೇಕು. ಆ ಆಳ ಸಿಕ್ಕಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು 1965ರಲ್ಲಿ ಅಲ್ಲಿ ದೊರೆಯಿತು.

ಚಕಾಲ್ತಾಯಾದ ಹಿಮನದಿ ಎಂದೂ ದೊಡ್ಡದಾಗಿರಲಿಲ್ಲ. 1940ರಲ್ಲಿ ಅದರ ಹರವು 0.22 ಚದರ ಕಿಲೋಮೀಟರ್, ಅಂದರೆ ಸುಮಾರು 54 ಎಕರೆ. 1991ರಿಂದ ಬೊಲಿವಿಯಾ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಅದನ್ನು ಕ್ರಮವಾಗಿ ಅಳೆಯತೊಡಗಿದರು. ಸಣ್ಣದು, ನಗರಕ್ಕೆ ಹತ್ತಿರ, ರಸ್ತೆಯೂ ಇದೆ, ಅಳತೆಗೆ ಅನುಕೂಲ. 1998ರ ಹೊತ್ತಿಗೆ ಹರವು 0.06 ಚದರ ಕಿಲೋಮೀಟರಿಗೆ ಇಳಿದಿತ್ತು, ಸರಾಸರಿ ದಪ್ಪ 15 ಮೀಟರಿಗಿಂತ ಕಡಿಮೆ. 1992ರಿಂದ ಆ ಆರು ವರ್ಷಗಳಲ್ಲೇ ಹಿಮನದಿಯ ಮೂರನೇ ಎರಡು ಪಾಲು ಗಾತ್ರ ಕರಗಿಹೋಗಿತ್ತು.

ಕರಗಿದ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಲ್ಪ್ಸ್‌ನಲ್ಲಿ ಹಿಮ ಚಳಿಗಾಲದಲ್ಲಿ ಬೀಳುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ. ಜಮೆಗೊಂದು ಕಾಲ, ಖರ್ಚಿಗೊಂದು ಕಾಲ. ಬೊಲಿವಿಯಾದಲ್ಲಿ ಎರಡೂ ಒಂದೇ ಕಾಲಕ್ಕೆ. ಮಳೆಗಾಲದಲ್ಲೇ ಹಿಮ ಬೀಳಬೇಕು; ಸೂರ್ಯ ನೆತ್ತಿಯ ಮೇಲಿರುವುದೂ ಆಗಲೇ. ಹೊಸ ಹಿಮದ ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಅದು ಮೈಮೇಲಿರುವವರೆಗೆ ಕೆಳಗಿನ ಹಳೆಯ ಮಂಜುಗಡ್ಡೆ ಸುರಕ್ಷಿತ. ಮಳೆ ತಡವಾದರೆ ದೂಳು ಮೆತ್ತಿದ ಬೂದು ಮಂಜುಗಡ್ಡೆ ಬಿಸಿಲಿಗೆ ಬೆತ್ತಲಾಗಿ, ಶಾಖವನ್ನು ಹೀರಿ ಕರಗುತ್ತದೆ. ಎಲ್ ನಿನೊ ವರ್ಷಗಳಲ್ಲಿ ಅಲ್ಲಿ ಮಳೆಯೂ ಕಡಿಮೆ, ಸೆಕೆಯೂ ಹೆಚ್ಚು. 1997-98ರದ್ದಂತೂ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು. ಬೇರೆ ಕಡೆ ಹಂಗಾಮು ಮೊಟಕಾಗಿ ಬೆಚ್ಚಗಿದ್ದರೆ ಆ ವರ್ಷದ ಆಟ ಹಾಳಾಗುತ್ತದೆ, ಅಷ್ಟೆ. ಚಕಾಲ್ತಾಯಾದಲ್ಲಿ ಅಂಥ ಪ್ರತಿ ಹಂಗಾಮು ಮುಂದಿನ ಹಂಗಾಮುಗಳ ಅಡಿಪಾಯವನ್ನೇ ತಿಂದುಹಾಕುತ್ತಿತ್ತು. ಅದರ ಜೊತೆಗೆ, ಹಿಮನದಿ ತೆಳುವಾದಷ್ಟೂ ಸುತ್ತಲ ಕರಿಬಂಡೆ ಬಯಲಾಗಿ, ಕಾದು, ಅಂಚುಗಳನ್ನು ಇನ್ನಷ್ಟು ಬೇಗ ಕರಗಿಸುತ್ತಿತ್ತು. ಇಷ್ಟು ಚಿಕ್ಕ ಹಿಮನದಿಗೆ ಈ ಸುಳಿಯಿಂದ ಪಾರಾಗುವ ದಾರಿಯೇ ಇರಲಿಲ್ಲ.

1990ರ ದಶಕದಲ್ಲಿ ಇಳಿಜಾರಿನ ನಡುವೆ ಬಂಡೆಗಳು ತಲೆಯೆತ್ತಿದವು. ಮೇಲಿನಿಂದ ಕೆಳಗಿನವರೆಗೆ ಒಂದೇ ಓಟದಲ್ಲಿ ಇಳಿಯುವುದು ಕಷ್ಟವಾಯಿತು. ಹಗ್ಗದ ಯಂತ್ರ ನಿಂತಿತು. ನಂತರ ಹಿಮನದಿಯೇ ತುಂಡಾಯಿತು. ಹಂಗಾಮು ಎಂಬ ಮಾತಿಗೆ ಅರ್ಥ ಉಳಿಯದಿದ್ದರೂ ಒಂದಿಷ್ಟು ಹಿಮ ಬಿದ್ದ ಸುದ್ದಿ ಸಿಕ್ಕಾಗ ಕ್ಲಬ್ಬಿನ ಹಳೆಯ ಸದಸ್ಯರು ಹಲಗೆ ಹೊತ್ತು, ನಡೆದೇ ಮೇಲೇರಿ, ಇದ್ದಷ್ಟು ದೂರ ಜಾರಿ ಬರುತ್ತಿದ್ದರು. ದೊಡ್ಡ ಸ್ಕೀ ತಾಣಗಳಲ್ಲಿ ಹಂಗಾಮಿನ ಕೊನೆಯ ದಿನವೆಂದರೆ ಮೊದಲೇ ಗೊತ್ತುಮಾಡಿದ ದಿನಾಂಕ, ಸಂಗೀತ, ಸಂಭ್ರಮ. ಚಕಾಲ್ತಾಯಾದ ಕೊನೆಯ ದಿನಕ್ಕೆ ಅಂಥ ಮುಹೂರ್ತ ಇಟ್ಟವರಿಲ್ಲ. ಅದೊಂದು ಘಟನೆಯಾಗಲಿಲ್ಲ, ವರ್ಷದಿಂದ ವರ್ಷಕ್ಕೆ ಸವೆಯುತ್ತ ಬಂದು, ಮುಗಿದ ಮೇಲೆ ಮುಗಿದದ್ದು ಗೊತ್ತಾಯಿತು.

ಬೊಲಿವಿಯಾದ ಹಿಮನದಿ ತಜ್ಞ ಎಡ್ಸನ್ ರಾಮಿರೆಜ್ ಮತ್ತು ಸಂಗಡಿಗರು ಚಕಾಲ್ತಾಯಾ ಹದಿನೈದು ವರ್ಷಗಳಲ್ಲಿ ಅಳಿಯಬಹುದೆಂದು 2001ರಲ್ಲಿ ಬರೆದಿದ್ದರು. ಹಿಮನದಿ ಆ ಗಡುವಿನವರೆಗೂ ಕಾಯಲಿಲ್ಲ. 2009ರಲ್ಲಿ ಅದು ಇಲ್ಲವಾಗಿದೆ ಎಂದು ವಿಜ್ಞಾನಿಗಳು ಸಾರಿದರು. ಸುಮಾರು 18,000 ವರ್ಷ ಹಳೆಯದೆಂದು ಎಣಿಸಲಾಗಿದ್ದ ಹಿಮರಾಶಿ ಅದು.

ಆಟ ನಿಂತದ್ದಕ್ಕಿಂತ ದೊಡ್ಡ ಚಿಂತೆ ನೀರಿನದು. ಲಾ ಪಾಜ್ ಮತ್ತು ಪಕ್ಕದ ಎಲ್ ಆಲ್ಟೊ ನಗರಗಳ ಜಲಾಶಯಗಳಿಗೆ ಬರುವ ನೀರಿನಲ್ಲಿ ಸುತ್ತಲ ಹಿಮನದಿಗಳ ಪಾಲು ವರ್ಷದ ಲೆಕ್ಕದಲ್ಲಿ ಸುಮಾರು ಶೇ. 15; ಮಳೆಯಿಲ್ಲದ ತಿಂಗಳುಗಳಲ್ಲಿ ಅದು ಸುಮಾರು ಶೇ. 27. 2016ರ ನವೆಂಬರ್‌ನಲ್ಲಿ ಬರದಿಂದ ಜಲಾಶಯಗಳು ಒಣಗಿ, ಲಾ ಪಾಜ್‌ನ ಹಲವು ಬಡಾವಣೆಗಳಿಗೆ ನೀರಿನ ಪಡಿತರ ಜಾರಿಯಾಗಿ, ಸರ್ಕಾರ ರಾಷ್ಟ್ರೀಯ ತುರ್ತು ಸ್ಥಿತಿ ಘೋಷಿಸಿತು. ಅಷ್ಟು ಪುಟ್ಟ ಚಕಾಲ್ತಾಯಾ ಅದಕ್ಕೆ ಕಾರಣವಲ್ಲ. ಆದರೆ ಕಾರ್ಡಿಲೆರಾ ರಿಯಲ್‌ನ ಹಿಮನದಿಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಅದರ ಜಾತಿಯವೇ, ಅರ್ಧ ಚದರ ಕಿಲೋಮೀಟರಿಗಿಂತ ಚಿಕ್ಕವು.